ಕುದುರೆಯ ಒಡೆಯ, ಮೈದಾನದ ಒಡೆಯ: ‘ಲಕ್ಕಿ’ ಬಾಲ್ಡ್ವಿನ್‌ನ ವೃತ್ತಿಜೀವನ

(ದಾವಣಗೆರೆಯ ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳನ್ನು ತಿದ್ದಿ ಬರೆದದ್ದು)

ಕುದುರೆ ರೇಸಿನ ಬಗ್ಗೆ ಮಾತನಾಡಲು ದಾವಣಗೆರೆ ತಕ್ಕ ಊರಲ್ಲ ಎಂದು ಬಳಗದ ಹಿರಿಯರೊಬ್ಬರು ನನಗೆ ಮೊದಲೇ ಎಚ್ಚರಿಸಿದ್ದರು. ರೇಸುಕೋರ್ಸು ಇರುವುದು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ. ನಮ್ಮ ಕಡೆ ಓಡುವುದೇನಿದ್ದರೂ ಎತ್ತು, ಹೋರಿ. ‘ದಾವಣಿ’ ಎಂದರೆ ದನಕರುಗಳನ್ನೋ ಕುದುರೆಗಳನ್ನೋ ಸಾಲಾಗಿ ಕಟ್ಟಿಹಾಕುವ ಹಗ್ಗ ಎಂದು ಹೇಳಿ ಅವರ ಬಾಯಿ ಮುಚ್ಚಿಸಬಹುದಿತ್ತು; ಆದರೆ ನಮ್ಮ ಊರಿನ ಹೆಸರಿನ ಮೂಲ ಅದೇ ಎಂದು ವಾದಿಸುವ ಧೈರ್ಯ ನನಗಿಲ್ಲ. ನಾನು ನೆಚ್ಚಿಕೊಂಡದ್ದು ಕುದುರೆಯನ್ನಲ್ಲ, ಹತ್ತಿಯನ್ನು.

ಹತ್ತಿ ಗಿರಣಿಗಳ ನೆರಳಿನಲ್ಲಿ ಬೆಳೆದ ನಮಗೆ ಬಾಜಿಯ ಲೆಕ್ಕ ಹೊಸದಲ್ಲ. ಪೊಲೀಸರ ಕಣ್ಣು ತಪ್ಪಿಸಿ ಚೀಟಿ ಬರೆಯುವ ‘ಓಸಿ’ಯ ಹೆಸರು ಇಲ್ಲಿ ಕೂತವರಿಗೆಲ್ಲ ಗೊತ್ತು. ಆ ಎರಡಕ್ಷರ ಹುಟ್ಟಿದ್ದು ನ್ಯೂಯಾರ್ಕ್ ಹತ್ತಿ ಪೇಟೆಯ ಓಪನ್ ಮತ್ತು ಕ್ಲೋಸ್ ದರಗಳಿಂದ. ಅಲ್ಲಿ ಪೇಟೆ ತೆರೆದಾಗಿನ ದರ, ಮುಚ್ಚಿದಾಗಿನ ದರ ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದವು, ಅವುಗಳ ಮೇಲೆ ಜನ ಹಣ ಕಟ್ಟುತ್ತಿದ್ದರು. 1961ರಲ್ಲಿ ಆ ದರಗಳು ಬರುವುದು ನಿಂತಾಗ ಮಡಕೆಯೊಳಗಿಂದ ಚೀಟಿ ಎತ್ತುವ ಉಪಾಯ ಬಂದು, ಮಡಕೆಯ ಹೆಸರೇ ಆಟಕ್ಕೆ ಉಳಿದು, ಅದು ಮಟ್ಕಾ ಆಯಿತು. ಈ ಆಟದಲ್ಲಿ ಮೂರು ಬಗೆಯ ಜನರಿದ್ದಾರೆ ಎಂಬುದನ್ನು ಗಮನಿಸಬೇಕು. ಹತ್ತಿಯ ಒಂದು ಎಳೆಯನ್ನೂ ಮುಟ್ಟದೆ ಅದರ ದರದ ಮೇಲೆ ಹಣ ಕಟ್ಟುವವನು ಒಬ್ಬ. ಹತ್ತಿಯನ್ನೇ ಕೊಂಡು ಅಂಡಿಗೆಗಳನ್ನು ಗೋದಾಮಿಗೆ ಹಾಕಿ, ಮಳೆ ಬಂದರೆ ನಿದ್ದೆಗೆಡುವವನು ಇನ್ನೊಬ್ಬ. ಯಾರು ಗೆದ್ದರೂ ಸೋತರೂ ಬಂದ ಹಣದಲ್ಲಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಹಂಚುವವನು ಮೂರನೆಯವನು. ಕುದುರೆ ರೇಸಿನಲ್ಲಿ ಇವರನ್ನೇ ಪಂಟರು, ಮಾಲೀಕರು, ರೇಸಿನ ಪ್ರವರ್ತಕರು ಎಂದು ಕರೆಯುತ್ತಾರೆ. ಈ ಮೂರೂ ಪಾತ್ರಗಳನ್ನು ಒಂದೇ ಜನ್ಮದಲ್ಲಿ ಮಾಡಿದವನು ಕ್ಯಾಲಿಫೋರ್ನಿಯಾದ ಇಲಿಯಾಸ್ ಜಾಕ್ಸನ್ ಬಾಲ್ಡ್ವಿನ್. ಜನ ಅವನನ್ನು ‘ಲಕ್ಕಿ’ ಬಾಲ್ಡ್ವಿನ್ ಎಂದರು. ವಾಣಿಜ್ಯ ಪಾಠ ಹೇಳಿ ನಿವೃತ್ತನಾದ ನನಗೆ ಆ ‘ಲಕ್ಕಿ’ ಎಂಬ ಮಾತಿನ ಮೇಲೆ ಮೊದಲಿನಿಂದಲೂ ಅನುಮಾನ. ಖಾತೆಪುಸ್ತಕ ಓದಲು ಬೇಸರವಾದವರು ಅದೃಷ್ಟ ಎನ್ನುತ್ತಾರೆ ಎಂಬುದು ನನ್ನ ಎಣಿಕೆ, ಮತ್ತು ಇವನ ಖಾತೆ ಓದಲು ಬಹಳ ಸ್ವಾರಸ್ಯವಾಗಿದೆ.

ಬಾಲ್ಡ್ವಿನ್ ಹುಟ್ಟಿದ್ದು 1828ರ ಏಪ್ರಿಲ್ 3ರಂದು, ಒಹಾಯೋ ರಾಜ್ಯದಲ್ಲಿ. ಹದಿಹರೆಯ ಮುಗಿಯುವ ಮೊದಲೇ ಮದುವೆ, ಆಮೇಲೆ ದಿನಸಿ ಅಂಗಡಿ. 1853ರಲ್ಲಿ ಚಿನ್ನದ ಆಸೆಗೆ ಪಶ್ಚಿಮಕ್ಕೆ ಹೊರಟ ಸಾವಿರಾರು ಜನರ ಜೊತೆ ಇವನೂ ಗಾಡಿ ಕಟ್ಟಿದ. ಉಳಿದವರು ಗುದ್ದಲಿ ಸಲಿಕೆ ಹೊತ್ತುಕೊಂಡಿದ್ದರೆ ಇವನು ಬ್ರಾಂಡಿ, ತಂಬಾಕು, ಚಹಾ ತುಂಬಿಕೊಂಡಿದ್ದ. ದಾರಿಯ ಸಾಲ್ಟ್ ಲೇಕ್ ಪಟ್ಟಣದಲ್ಲಿ ಅವನ್ನು ಮಾರಿ, ಬಂದ ಹಣದಲ್ಲಿ ಕುದುರೆಗಳನ್ನು ಕೊಂಡು, ಅವನ್ನು ಕ್ಯಾಲಿಫೋರ್ನಿಯಾಕ್ಕೆ ಹೊಡೆದುಕೊಂಡು ಹೋಗಿ ಲಾಭಕ್ಕೆ ಮಾರಿದನಂತೆ. ಸಂತೆಯಿಂದ ಸಂತೆಗೆ ತಿರುಗುವ ನಮ್ಮ ದಲ್ಲಾಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವನು ಹೋಟೆಲು ನಡೆಸಿದ, ಇಟ್ಟಿಗೆ ಸುಟ್ಟ, ಬಾಡಿಗೆ ಕುದುರೆಗಳ ಲಾಯ ಇಟ್ಟ. ಕೊನೆಗೆ ನೆವಾಡಾದ ಕಾಮ್‌ಸ್ಟಾಕ್ ಬೆಳ್ಳಿ ಗಣಿಗಳ ಷೇರುಗಳಿಗೆ ಕೈಹಾಕಿದ.

‘ಲಕ್ಕಿ’ ಎಂಬ ಹೆಸರಿನ ಕಥೆಯಲ್ಲಿ ನಮ್ಮ ದೇಶವೂ ಬರುತ್ತದೆ. 1860ರ ದಶಕದ ಕೊನೆಯಲ್ಲಿ ಅವನು ಬೇಟೆಗೆಂದು ಭಾರತಕ್ಕೆ ಹೊರಟಾಗ, ತನ್ನ ಬಳಿಯಿದ್ದ ಹೇಲ್ ಅಂಡ್ ನಾರ್ಕ್ರಾಸ್ ಗಣಿಯ ಷೇರುಗಳ ಬೆಲೆ ಇಂತಿಷ್ಟಕ್ಕಿಂತ ಕೆಳಗಿಳಿದರೆ ಮಾರಿಬಿಡುವಂತೆ ದಲ್ಲಾಳಿಗೆ ಹೇಳಿದ್ದನಂತೆ. ಬೆಲೆ ಇಳಿಯಿತು, ದಲ್ಲಾಳಿ ಮಾರಲು ಹೊರಟ, ಆದರೆ ಷೇರು ಪತ್ರಗಳಿದ್ದ ತಿಜೋರಿಯ ಕೀಲಿಕೈ ಬಾಲ್ಡ್ವಿನ್‌ನ ಕಿಸೆಯಲ್ಲಿ ಸಮುದ್ರದ ಮೇಲಿತ್ತು. ಅವನು ಮರಳಿ ಬರುವಷ್ಟರಲ್ಲಿ ಅದೇ ಷೇರುಗಳು ಹಲವು ಪಟ್ಟು ಏರಿದ್ದವು. ಕಥೆ ಎಷ್ಟು ನಿಜವೋ, ಹೇಳಿ ಹೇಳಿ ಎಷ್ಟು ಬೆಳೆದಿದೆಯೋ. ಅವನಿಗಂತೂ ಆ ಹೆಸರು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಬೇರೊಂದು ಗಣಿಯಾದ ಓಫಿರ್‌ನ ಷೇರುಗಳನ್ನು ಮಾರಿ ಅವನು ಹಲವು ದಶಲಕ್ಷ ಡಾಲರುಗಳ ಒಡೆಯನಾದದ್ದು ಮಾತ್ರ ಕಥೆಯಲ್ಲ.

ಈ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ದೃಶ್ಯ ಬರುವುದು 1875ರಲ್ಲಿ. ಲಾಸ್ ಏಂಜಲಿಸ್ ಆಗ ಸಣ್ಣ ಊರು. ಅದರ ಪೂರ್ವಕ್ಕೆ, ಬೆಟ್ಟಗಳ ಬುಡದಲ್ಲಿ, ನೀರಿನ ಸೆಲೆಗಳಿದ್ದ ಸ್ಯಾಂಟಾ ಅನಿಟಾ ಎಂಬ ಜಮೀನು, ಎಂಟು ಸಾವಿರ ಎಕರೆಗೂ ಮೇಲ್ಪಟ್ಟದ್ದು. ಅದನ್ನು ಹ್ಯಾರಿಸ್ ನ್ಯೂಮಾರ್ಕ್ ಎಂಬ ವ್ಯಾಪಾರಿ 1872ರಲ್ಲಿ 85,000 ಡಾಲರಿಗೆ ಕೊಂಡಿದ್ದ. ಬಾಲ್ಡ್ವಿನ್ ಒಂದೂವರೆ ಲಕ್ಷ ಕೊಡುತ್ತೇನೆಂದ. ನ್ಯೂಮಾರ್ಕ್ ಎರಡು ಲಕ್ಷ ಎಂದ. ಬಾಲ್ಡ್ವಿನ್ ಎದ್ದು ಹೊರಟ. ಆದರೆ ಹೆಚ್ಚು ಹೊತ್ತು ದೂರವಿರಲಾಗಲಿಲ್ಲ. ಕಂಕುಳಲ್ಲಿ ಒಂದು ತಗಡಿನ ಪೆಟ್ಟಿಗೆ ಇರುಕಿಕೊಂಡು ಮತ್ತೆ ಬಂದು, ಕೇಳಿದ ಎರಡು ಲಕ್ಷಕ್ಕೆ ಒಪ್ಪಿ, ಆ ಪೆಟ್ಟಿಗೆಯ ಮುಚ್ಚಳ ತೆಗೆದು, 12,500 ಡಾಲರುಗಳನ್ನು ಮುಂಗಡವಾಗಿ ಎಣಿಸಿಕೊಟ್ಟ. ಪೆಟ್ಟಿಗೆಯ ತಳದಲ್ಲಿ ಇನ್ನೂ ದಶಲಕ್ಷಗಟ್ಟಲೆ ಇತ್ತೆಂದು ನ್ಯೂಮಾರ್ಕ್ ತನ್ನ ನೆನಪಿನ ಬರಹಗಳಲ್ಲಿ ದಾಖಲಿಸಿದ್ದಾನೆ. ಮೂರು ವರ್ಷದಲ್ಲಿ 85,000ವನ್ನು ಎರಡು ಲಕ್ಷ ಮಾಡಿಕೊಂಡವನಲ್ಲವೇ ಅದೃಷ್ಟವಂತ ಎಂದು ನೀವು ಕೇಳಬಹುದು. ಆ ಮಧ್ಯಾಹ್ನದ ಮಟ್ಟಿಗೆ ಹೌದು.

ಅದೇ ವರ್ಷ ಕ್ಯಾಲಿಫೋರ್ನಿಯಾದ ಬ್ಯಾಂಕುಗಳು ಒಂದೊಂದಾಗಿ ತತ್ತರಿಸಿದವು. ಲಾಸ್ ಏಂಜಲಿಸ್‌ನ ಟೆಂಪಲ್ ಅಂಡ್ ವರ್ಕ್‌ಮನ್ ಬ್ಯಾಂಕಿನ ಬಾಗಿಲಿಗೆ ಠೇವಣಿದಾರರು ಮುಗಿಬಿದ್ದಾಗ, ಸಾಲ ಕೊಡಲು ಕೈಯಲ್ಲಿ ನಗದು ಇದ್ದವನು ಬಾಲ್ಡ್ವಿನ್ ಒಬ್ಬನೇ ಎಂಬಂತಿತ್ತು. ಅವನು ಕೊಟ್ಟ. ಆದರೆ ಟೆಂಪಲ್ ಮತ್ತು ವರ್ಕ್‌ಮನ್‌ರ ಜಮೀನುಗಳನ್ನು ಅಡವಿಟ್ಟುಕೊಂಡದ್ದು ಸಾಲದೆಂಬಂತೆ, ಅವರ ನೆರೆಯ ಗೆಳೆಯ ಹುವಾನ್ ಮಟಿಯಾಸ್ ಸಾಂಚೆಸ್‌ನ ಜಮೀನನ್ನೂ ಅಡಮಾನದಲ್ಲಿ ಸೇರಿಸಬೇಕೆಂದು ಹಠ ಹಿಡಿದ. ಗೆಳೆಯರ ಮುಖ ನೋಡಿ ಸಾಂಚೆಸ್ ಸಹಿ ಹಾಕಿದ. 1876ರ ಆರಂಭದಲ್ಲಿ ಬ್ಯಾಂಕು ಮುಳುಗಿತು. ಕೆಲವೇ ತಿಂಗಳಲ್ಲಿ ವರ್ಕ್‌ಮನ್ ಆತ್ಮಹತ್ಯೆ ಮಾಡಿಕೊಂಡ. ಜಮೀನುಗಳು ಬಾಲ್ಡ್ವಿನ್‌ನ ಹೆಸರಿಗೆ ಬಂದವು. ಸಾಂಚೆಸ್ ಬಡವನಾಗಿ ತೀರಿಕೊಂಡ. ಜಾಮೀನು ನಿಂತು ಹೊಲ ಕಳೆದುಕೊಂಡವರ ಕಥೆ ನಮ್ಮ ಮನೆತನಗಳಲ್ಲೂ ಒಂದೊಂದು ಇರುತ್ತದೆ, ಹಾಗಾಗಿ ಇದನ್ನು ನಾನು ಹಿಗ್ಗಿಸುವುದಿಲ್ಲ. ರೇಸಿನ ಇತಿಹಾಸಕಾರರು ಈ ಅಧ್ಯಾಯವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಅದು ತಪ್ಪು. ಮುಂದೆ ಅವನ ಲಾಯದಲ್ಲಿ ನಿಂತ ಪ್ರತಿ ಕುದುರೆಯೂ ತಿಂದ ಹುಲ್ಲು ಈ ಜಮೀನಿನದು.

ಈಗ ಕುದುರೆಗಳ ವಿಷಯ. ಬಾಲ್ಡ್ವಿನ್ ಗ್ರಿನ್‌ಸ್ಟೆಡ್, ರುದರ್‌ಫರ್ಡ್ ಎಂಬ ಬೀಜದ ಕುದುರೆಗಳನ್ನು ಸ್ಯಾಂಟಾ ಅನಿಟಾಕ್ಕೆ ತಂದು ತಳಿ ಬೆಳೆಸತೊಡಗಿದ. ಆ ಕಾಲದಲ್ಲಿ ಅಮೆರಿಕದ ಒಳ್ಳೆಯ ತಳಿ ಎಂದರೆ ಪೂರ್ವದ ಕೆಂಟಕಿ. ಪಶ್ಚಿಮದ ಬಿಸಿಲಿನಲ್ಲಿ ಹುಟ್ಟಿದ ಮರಿಯನ್ನು ಸಾವಿರಾರು ಮೈಲಿ ರೈಲಿನಲ್ಲಿ ಸಾಗಿಸಿ ಅಲ್ಲಿಯವರ ಎದುರು ಓಡಿಸುವುದು ಹುಚ್ಚುತನವೆಂದೇ ಎಣಿಕೆ. ಶಿಕಾಗೊದ ವಾಷಿಂಗ್ಟನ್ ಪಾರ್ಕಿನಲ್ಲಿ 1884ರಲ್ಲಿ ಆರಂಭವಾದ ಅಮೆರಿಕನ್ ಡರ್ಬಿ ಒಂದೂವರೆ ಮೈಲಿಯ ಓಟ. ಅದನ್ನು ಬಾಲ್ಡ್ವಿನ್‌ನ ಕುದುರೆಗಳು ನಾಲ್ಕು ಸಲ ಗೆದ್ದವು: 1885ರಲ್ಲಿ ವೊಲಾಂಟೆ, 1886ರಲ್ಲಿ ಸಿಲ್ವರ್ ಕ್ಲೌಡ್, 1888ರಲ್ಲಿ ಎಂಪರರ್ ಆಫ್ ನಾರ್ಫೋಕ್, 1894ರಲ್ಲಿ ರೇ ಎಲ್ ಸ್ಯಾಂಟಾ ಅನಿಟಾ. ಮೊದಲೆರಡು ಗ್ರಿನ್‌ಸ್ಟೆಡ್‌ನ ಮಕ್ಕಳು. ಮೂರನೆಯದು ಮಾತ್ರ ಇನ್ನೊಬ್ಬನ ಲಾಯದಲ್ಲಿ ಹುಟ್ಟಿ ಇವನು ಕೊಂಡದ್ದು, ಮತ್ತು ನಾಲ್ಕರಲ್ಲಿ ಅದೇ ಮೇಲು. 29 ಓಟಗಳಲ್ಲಿ 21 ಗೆಲುವು ಅದರದು. ನಾಲ್ಕನೆಯದು ಗೆದ್ದಾಗ ಸೋತವುಗಳ ಸಾಲಿನಲ್ಲಿ ಆ ಕಾಲದ ಎಲ್ಲರ ಮೆಚ್ಚಿನ ಡಾಮಿನೊ ಇತ್ತು.

ಮಾಲೀಕತನದ ಲೆಕ್ಕ ಹೊರಗಿನವರಿಗೆ ಬೇಗ ಹತ್ತುವುದಿಲ್ಲ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ದೀಪಾವಳಿಯ ಹೊತ್ತಿಗೆ ಓಡಿಸಲೆಂದೇ ಹೋರಿ ಸಾಕುವವರನ್ನು ನೋಡಿದವರಿಗೆ ಸ್ವಲ್ಪ ಹತ್ತಬಹುದು. ಆ ಹೋರಿ ಹೊಲ ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ವರ್ಷವಿಡೀ ಹುರುಳಿ, ಹಿಂಡಿ, ಕೊಬ್ಬರಿ ತಿಂದು, ವರ್ಷದಲ್ಲಿ ನಾಲ್ಕು ದಿನ ಜನರ ನಡುವೆ ಮಿಂಚಿನಂತೆ ಹಾಯುತ್ತದೆ. ಬಹುಮಾನ ಬಂದರೂ ಮೇವಿನ ಖರ್ಚು ಹುಟ್ಟುವುದಿಲ್ಲ. ಆದರೂ ಒಡೆಯನಿಗೆ ಊರಿನಲ್ಲಿ ಹೆಸರು ಹೋರಿಯಿಂದಲೇ. ರೇಸಿನ ಕುದುರೆಯ ಒಡೆಯನೂ ಬಹುಮಟ್ಟಿಗೆ ಇಂಥವನೇ. ಒಂದು ವ್ಯತ್ಯಾಸವೆಂದರೆ, ಗೆದ್ದ ಗಂಡು ಕುದುರೆಗೆ ಓಟ ಮುಗಿದ ಮೇಲೆ ಬೀಜದ ಬೆಲೆ ಬರುತ್ತದೆ. ಅಂದರೆ ಓಟವು ಪರೀಕ್ಷೆ, ತಳಿಯೇ ಸಂಪಾದನೆ. ನಮ್ಮದೇ ಕುಣಿಗಲ್ಲಿನ ಸ್ಟಡ್ ಫಾರ್ಮ್, ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಆರಂಭವಾದದ್ದು, ಇಪ್ಪತ್ತನೆಯ ಶತಮಾನದಲ್ಲಿ ರೇಸಿನ ಕುದುರೆಗಳ ತಳಿಗೆ ತಿರುಗಿದ್ದರ ಹಿಂದಿರುವುದೂ ಇದೇ ಲೆಕ್ಕ.

ಎಷ್ಟೋ ವರ್ಷಗಳ ಹಿಂದೆ ಗೆಳೆಯನೊಬ್ಬನ ಜೊತೆ ಬೆಂಗಳೂರಿನ ರೇಸುಕೋರ್ಸಿಗೆ ಒಮ್ಮೆ ಹೋಗಿದ್ದೆ. ಇಪ್ಪತ್ತು ರೂಪಾಯಿ ಸೋತದ್ದು ಬಿಟ್ಟರೆ ನೆನಪಿರುವುದು ಓಟವಲ್ಲ, ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತು ಹಾಕಿಸುವ ಪ್ಯಾಡಕ್. ಲಗಾಮು ಹಿಡಿದ ಹುಡುಗನ ಭುಜಕ್ಕೆ ಮೂತಿ ಉಜ್ಜುತ್ತ ನಡೆಯುತ್ತಿದ್ದ ಒಂದು ಕಂದು ಕುದುರೆಯ ತೊಡೆಯ ಮೇಲೆ, ತೆಳುವಾದ ಚರ್ಮದಡಿ, ನರಗಳು ಎಲೆಯ ಹಿಂಬದಿಯ ಗೀರುಗಳಂತೆ ಎದ್ದು ಕಾಣುತ್ತಿದ್ದವು. ಅದರ ಒಡೆಯನಿರಬೇಕು, ಬೇಲಿಯಾಚೆ ನಿಂತವನು, ಕುದುರೆಯನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ನನ್ನ ಗೆಳೆಯ ನೋಡುತ್ತಿದ್ದುದು ದರದ ಹಲಗೆಯನ್ನು.

ಬಾಲ್ಡ್ವಿನ್‌ನ ಖಾಸಗಿ ಬದುಕು ಪತ್ರಿಕೆಗಳಿಗೆ ಹಬ್ಬವಾಗಿತ್ತು. ನಾಲ್ಕು ಮದುವೆ, ವಚನಭಂಗದ ದಾವೆಗಳು, ಎರಡು ಸಲ ಹೆಂಗಸರು ಅವನ ಮೇಲೆ ಗುಂಡು ಹಾರಿಸಿದ್ದು, ಅದರಲ್ಲಿ ಒಂದು ನ್ಯಾಯಾಲಯದಲ್ಲೇ. ಇಷ್ಟು ಸಾಕು. ನಮಗೆ ಬೇಕಾದದ್ದು 1898. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಅವನ ದೊಡ್ಡ ಹೋಟೆಲು, ಬಾಲ್ಡ್ವಿನ್ ಹೋಟೆಲು, ಬೆಂಕಿಗೆ ಆಹುತಿಯಾಯಿತು. ಜಮೀನು ಬೇಕಾದಷ್ಟು, ಆದರೆ ಕೈಯಲ್ಲಿ ಕಾಸಿಲ್ಲ. ಎಪ್ಪತ್ತು ದಾಟಿದ ಈ ಮುದುಕ ಮೂರನೆಯ ಪಾತ್ರಕ್ಕೆ, ಪ್ರವರ್ತಕನ ಪಾತ್ರಕ್ಕೆ ಇಳಿದದ್ದು ಆಮೇಲೆ. ತನ್ನ ಜಮೀನಿನಲ್ಲೇ ಆರ್ಕೇಡಿಯಾ ಎಂಬ ಊರು ಕಟ್ಟಿ 1903ರಲ್ಲಿ ಅದನ್ನು ನಗರವೆಂದು ನೋಂದಾಯಿಸಿ ತಾನೇ ಮೇಯರ್ ಆದ. ಊರಿನ ಕಾನೂನು ತನ್ನ ಕೈಯಲ್ಲಿದ್ದರೆ ರೇಸಿಗೆ ಅಡ್ಡಿಯಿಲ್ಲ ಎಂಬುದು ಲೆಕ್ಕವಾಗಿದ್ದರೆ ಅದು ಅರ್ಧ ಸರಿ. 1907ರ ಡಿಸೆಂಬರಿನಲ್ಲಿ ಸ್ಯಾಂಟಾ ಅನಿಟಾ ರೇಸುಕೋರ್ಸು ತೆರೆಯಿತು. ಜನ ಬಂದರು, ಬುಕ್ಕಿಗಳು ಬಂದರು. ಆದರೆ ಊರಿನ ಮೇಲೆ ರಾಜ್ಯವಿತ್ತು. 1909ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾ ಕುದುರೆ ಬಾಜಿಯನ್ನು ನಿಷೇಧಿಸುವ ವಾಕರ್-ಓಟಿಸ್ ಕಾನೂನು ತಂದಿತು. ಮಾರ್ಚ್ 1ರಂದು ಬಾಲ್ಡ್ವಿನ್ ತೀರಿಕೊಂಡ. ಏಪ್ರಿಲಿನಲ್ಲಿ ರೇಸುಕೋರ್ಸಿಗೆ ಬೀಗ ಬಿತ್ತು.

ಕುದುರೆಯ ಒಡೆಯನಾಗಿ ಮೂವತ್ತು ವರ್ಷ ಬಾಳಿದವನು ಮೈದಾನದ ಒಡೆಯನಾಗಿ ಎರಡು ಹಂಗಾಮು ಮುಗಿಸುವಷ್ಟರಲ್ಲಿ ಏಕೆ ನೆಲಕಚ್ಚಿದ? ಕುದುರೆಯ ಒಡೆಯನ ಭವಿಷ್ಯವಿರುವುದು ನಾಲ್ಕು ಕಾಲುಗಳ ಮೇಲೆ. ಪ್ರವರ್ತಕನ ಭವಿಷ್ಯವಿರುವುದು ಶಾಸನಸಭೆಯಲ್ಲಿ. ಅದನ್ನು ಅರಿತು ನಡೆದವನು ಇನ್ನೊಬ್ಬ ಪ್ರವರ್ತಕ, ಕೆಂಟಕಿಯ ಮ್ಯಾಟ್ ವಿನ್. 1875ರಲ್ಲಿ ಮೊದಲ ಕೆಂಟಕಿ ಡರ್ಬಿ ನಡೆದಾಗ ತಂದೆಯ ದಿನಸಿ ಗಾಡಿಯ ಮೇಲೆ ನಿಂತು ನೋಡಿದ ಹುಡುಗ ಇವನು. ಬೆಳೆದು ಬಟ್ಟೆ ಹೊಲಿಸುವ ವ್ಯಾಪಾರದಲ್ಲಿದ್ದ. 1902ರಲ್ಲಿ ನಷ್ಟದಲ್ಲಿದ್ದ ಚರ್ಚಿಲ್ ಡೌನ್ಸ್ ರೇಸುಕೋರ್ಸನ್ನು ಗೆಳೆಯರ ಜೊತೆ ಸೇರಿ ಕೊಂಡ. 1908ರಲ್ಲಿ ಅಲ್ಲಿನ ನಗರಾಡಳಿತ ಬುಕ್ಕಿಗಳನ್ನು ನಿಷೇಧಿಸಿತು. ಬಾಲ್ಡ್ವಿನ್‌ನ ಮೈದಾನಕ್ಕೆ ಬಿದ್ದ ಪೆಟ್ಟೇ ಇದು. ವಿನ್ ಹಳೆಯ ಕಾನೂನುಗಳನ್ನು ಓದಿಸಿ, ಅದರಲ್ಲಿ ‘ಫ್ರೆಂಚ್ ಪೂಲ್’ಗೆ ವಿನಾಯಿತಿ ಇರುವುದನ್ನು ಹುಡುಕಿ, ಗೋದಾಮುಗಳಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಯಂತ್ರಗಳನ್ನು ಎಬ್ಬಿಸಿದ. ಆ ವರ್ಷದ ಡರ್ಬಿ ಗೆದ್ದ ಸ್ಟೋನ್ ಸ್ಟ್ರೀಟ್ ಮೇಲೆ ಐದು ಡಾಲರ್ ಕಟ್ಟಿದವನಿಗೆ 123 ಡಾಲರ್ 60 ಸೆಂಟ್ ಬಂತು. ವಿನ್ 1949ರಲ್ಲಿ ತೀರಿಕೊಳ್ಳುವವರೆಗೆ ಎಪ್ಪತ್ತೈದು ಡರ್ಬಿಗಳನ್ನು, ಒಂದೂ ಬಿಡದೆ, ನೋಡಿದ.

ಆ ಯಂತ್ರದ ಒಳಗುಟ್ಟು ಇಷ್ಟೆ, ಮತ್ತು ನಮ್ಮ ರೇಸುಕೋರ್ಸುಗಳಲ್ಲಿ ‘ಟೋಟ್’ ಎನ್ನುವುದೂ ಇದನ್ನೇ. ಒಂದು ಓಟದ ಮೇಲೆ ಜನ ಒಟ್ಟು ಹತ್ತು ಸಾವಿರ ರೂಪಾಯಿ ಕಟ್ಟಿದ್ದಾರೆ ಎನ್ನಿ. ಕ್ಲಬ್ಬಿನ ಪಾಲು, ಸರ್ಕಾರದ ತೆರಿಗೆ ಎಂದು ಶೇಕಡ ಇಪ್ಪತ್ತು ತೆಗೆದರೆ ಉಳಿಯುವುದು ಎಂಟು ಸಾವಿರ. ಗೆದ್ದ ಕುದುರೆಯ ಮೇಲೆ ಬಿದ್ದದ್ದು ನಾನೂರೇ ಆದರೆ, ಹತ್ತು ರೂಪಾಯಿಯ ಟಿಕೆಟಿಗೆ ಇನ್ನೂರು ಬರುತ್ತದೆ. ಎಲ್ಲರೂ ಅದೇ ಕುದುರೆಯ ಮೇಲೆ ಕಟ್ಟಿದ್ದರೆ ಹಾಕಿದ ದುಡ್ಡೂ ಪೂರ್ತಿ ಮರಳುವುದಿಲ್ಲ. ಬುಕ್ಕಿ ತನ್ನ ಸ್ವಂತ ಹಣವನ್ನು ಪಣಕ್ಕಿಡುತ್ತಾನೆ, ಆದ್ದರಿಂದ ಕೆಲವೊಮ್ಮೆ ದಿವಾಳಿಯಾಗುತ್ತಾನೆ, ಕೆಲವೊಮ್ಮೆ ಜಾಕಿಯ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಟೋಟಿಗೆ ಯಾವ ಕುದುರೆ ಗೆದ್ದರೂ ಒಂದೇ. 1867ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಜೋಸೆಫ್ ಓಲರ್ ರೂಪಿಸಿದ ಈ ಪದ್ಧತಿ ಸರ್ಕಾರಗಳಿಗೆ ಪ್ರಿಯವಾದದ್ದು ನೀತಿಯ ಕಾರಣಕ್ಕಲ್ಲ. ಎಷ್ಟು ಹಣ ಬಂತೆಂದು ಅದು ಕೊನೆಯ ಪೈಸೆಯವರೆಗೂ ಹೇಳುತ್ತದೆ, ತೆರಿಗೆ ಹಾಕುವವನಿಗೆ ಅದಕ್ಕಿಂತ ಬೇರೇನು ಬೇಕು? 1933ರಲ್ಲಿ, ಮಹಾ ಕುಸಿತದ ಬರಗಾಲದಲ್ಲಿ, ಕ್ಯಾಲಿಫೋರ್ನಿಯಾ ಇದೇ ಪದ್ಧತಿಯ ಹೆಸರಿನಲ್ಲಿ ಬಾಜಿಗೆ ಮತ್ತೆ ಬಾಗಿಲು ತೆರೆಯಿತು. ಮರುವರ್ಷ ಕ್ರಿಸ್‌ಮಸ್ ದಿನ, ಬಾಲ್ಡ್ವಿನ್‌ನ ಹಳೆಯ ಜಮೀನಿನಲ್ಲೇ, ಅವನ ಮಗಳು ಅನಿಟಾಳಿಂದ ಕೊಂಡ ನೆಲದ ಮೇಲೆ, ಇಂದಿನ ಸ್ಯಾಂಟಾ ಅನಿಟಾ ಪಾರ್ಕ್ ಆರಂಭವಾಯಿತು. ಅದನ್ನು ಕಟ್ಟಿಸಿದವರಲ್ಲಿ ಮುಖ್ಯನಾದ ಚಾರ್ಲ್ಸ್ ಸ್ಟ್ರಬ್ ಓದಿದ್ದು ದಂತವೈದ್ಯ.

ನಮ್ಮಲ್ಲೂ ಇದೇ ಜಗ್ಗಾಟ. ರೇಸುಕೋರ್ಸುಗಳಿಗೆ ಪರವಾನಗಿ ಕೊಡುವ ಮೈಸೂರು ಕಾನೂನು 1952ರದು. ನೆರೆಯ ತಮಿಳುನಾಡು 1974ರಲ್ಲಿ ಕಾನೂನು ಮಾಡಿ ರೇಸನ್ನು ಜೂಜೆಂದು ನಿಲ್ಲಿಸಲು ಹೊರಟಿತು. ವ್ಯಾಜ್ಯ ಎರಡು ದಶಕ ಎಳೆದು, 1996ರಲ್ಲಿ ಸುಪ್ರೀಂ ಕೋರ್ಟು, ಕುದುರೆಯ ತಳಿ, ತರಬೇತಿ, ಜಾಕಿಯ ಚಾತುರ್ಯಗಳೇ ಫಲಿತಾಂಶವನ್ನು ಬಹುಪಾಲು ತೀರ್ಮಾನಿಸುವುದರಿಂದ ಇದು ಕೌಶಲದ ಆಟ ಎಂದು ತೀರ್ಪು ಕೊಟ್ಟಿತು. ನನ್ನ ಇಪ್ಪತ್ತು ರೂಪಾಯಿಯಲ್ಲಿ ಕೌಶಲ ಎಳ್ಳಷ್ಟೂ ಇರಲಿಲ್ಲ ಎಂದು ನಾನು ಪ್ರಮಾಣ ಮಾಡಬಲ್ಲೆ. ಆದರೆ ಪ್ಯಾಡಕ್ಕಿನ ಬೇಲಿಯಾಚೆ ನಿಂತಿದ್ದವನ ಮಟ್ಟಿಗೆ ತೀರ್ಪು ಸರಿಯೆಂದು ತೋರುತ್ತದೆ.

ಬಾಲ್ಡ್ವಿನ್‌ನ ಖಾತೆಯ ಕೊನೆಯ ಪುಟದಲ್ಲಿ ಉಳಿದದ್ದು ಕುದುರೆಯಲ್ಲ, ಮೈದಾನವಲ್ಲ, ಅಡಮಾನದ ನೆಲ. ಸಾಂಚೆಸ್ ಕಳೆದುಕೊಂಡ ಬೆಟ್ಟಗಳ ಕಡೆ 1917ರಲ್ಲಿ ಎಣ್ಣೆ ಸಿಕ್ಕಿತು. ಬಾಲ್ಡ್ವಿನ್‌ನ ವಾರಸುದಾರರು ಮತ್ತೆ ಶ್ರೀಮಂತರಾದರು. ಭಾರತದಿಂದ ಅವನು ತರಿಸಿದ್ದ ನವಿಲುಗಳ ಸಂತತಿ ಇಂದಿಗೂ ಆರ್ಕೇಡಿಯಾದ ಬೀದಿಗಳಲ್ಲಿ, ಮನೆಗಳ ಮಾಡಿನ ಮೇಲೆ ತಿರುಗಾಡಿಕೊಂಡಿದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸಬೇಕು. ಹಿಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು, ಇಷ್ಟು ಹೊತ್ತು ಒಡೆಯರ ಮಾತೇ ಆಯಿತು, ಕುದುರೆಯ ಬೆನ್ನ ಮೇಲೆ ಕೂತವರು ಯಾರು ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ವೊಲಾಂಟೆ, ಸಿಲ್ವರ್ ಕ್ಲೌಡ್, ಎಂಪರರ್ ಆಫ್ ನಾರ್ಫೋಕ್, ಈ ಮೂರರ ಮೇಲೂ ಡರ್ಬಿಯಲ್ಲಿ ಕೂತವನು ಐಸಾಕ್ ಮರ್ಫಿ, ಕೆಂಟಕಿಯಲ್ಲಿ ಗುಲಾಮರ ಮನೆಯಲ್ಲಿ ಹುಟ್ಟಿದ ಕಪ್ಪು ಜಾಕಿ. ಕೆಂಟಕಿ ಡರ್ಬಿಯನ್ನೂ 1884, 1890, 1891ರಲ್ಲಿ, ಮೂರು ಸಲ ಗೆದ್ದವನು. ಅವನು 1896ರಲ್ಲಿ ಮೂವತ್ತೈದರ ಆಸುಪಾಸಿನಲ್ಲಿ ತೀರಿಕೊಂಡ. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಮೈದಾನಗಳಿಂದ ಕಪ್ಪು ಜಾಕಿಗಳನ್ನು ಹೊರದಬ್ಬಲಾಯಿತು. ಬಾಲ್ಡ್ವಿನ್‌ನ ನಾಲ್ಕು ಡರ್ಬಿ ಕುದುರೆಗಳನ್ನು ಹೂತ ಜಾಗದ ಮೇಲೆ ಅವನ ಲಾಂಛನವಾದ ಮಾಲ್ಟೀಸ್ ಶಿಲುಬೆಯನ್ನು ನಿಲ್ಲಿಸಲಾಯಿತು. ಆ ಗುರುತು ಈಗ ಸ್ಯಾಂಟಾ ಅನಿಟಾ ಪಾರ್ಕಿನಲ್ಲಿದೆ. ಮರ್ಫಿಯ ಸಮಾಧಿಯ ಮೇಲಿದ್ದ ಮರದ ಹಲಗೆ ಕೊಳೆತುಹೋಗಿ, ಅದು ಎಲ್ಲಿದೆ ಎಂಬುದೇ ಮರೆತು, ಲೆಕ್ಸಿಂಗ್ಟನ್ನಿನ ಪೊದೆ ಬೆಳೆದ ಸ್ಮಶಾನವೊಂದರಲ್ಲಿ ಅದನ್ನು ಹುಡುಕಿ ತೆಗೆದದ್ದು 1960ರ ದಶಕದಲ್ಲಿ.